ಉಳಿದುಕೊಂಡವಳು

ಟೇಪಿನ ಮೇಲಿನ ಅಂಕಿಯನ್ನು ಎರಡೆರಡು ಸಲ ಓದಿದರೂ ಅದು ತಲೆಗೆ ಇಳಿಯಲಿಲ್ಲ. ಪ್ಯಾಂಟಿನ ಕಾಲು ಎಷ್ಟು ಗಿಡ್ಡವಾಗಬೇಕೆಂದು ಗಿರಾಕಿಯೇ ನಿಂತು ಗುಂಡುಪಿನ್ನು ಹಾಕಿಸಿಕೊಂಡು ಹೋಗಿದ್ದ. ಮಡಿಸಿ ಹೊಲಿದರೆ ಮುಗಿಯಿತು, ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಆದರೂ ಅವಳು ಸೀಮೆಸುಣ್ಣ ಹಿಡಿದು ಕೂತೇ ಇದ್ದಳು. ಡ್ರೈಕ್ಲೀನಿಂಗ್ ಅಂಗಡಿಯ ನೆಲಮಾಳಿಗೆಯಲ್ಲಿ ಅವಳ ಹೊಲಿಗೆ ಯಂತ್ರ, ಅದರ ಎದುರಿನ ಗೋಡೆಯಲ್ಲಿ ತೀರ ಮೇಲೆ ಅಡ್ಡಕ್ಕೆ ಒಂದು ಕಿಟಕಿ. ಆ ಕಿಟಕಿಯಲ್ಲಿ ಕಾಣುವುದು ಬೀದಿಯಲ್ಲಿ ಓಡಾಡುವವರ ಮೊಣಕಾಲಿನ ಕೆಳಗಿನ ಭಾಗ ಮಾತ್ರ. ಈ ಊರಿನವರನ್ನು ಅವಳು ಗುರುತು ಹಿಡಿಯುತ್ತಿದ್ದದ್ದೇ ಬಟ್ಟೆಯ ಅಂಚಿನಿಂದ: ಇವನ ಪ್ಯಾಂಟು ಹಿಮ್ಮಡಿಯ ಹತ್ತಿರ ಸವೆದಿದೆ, ಇವಳ ಸ್ಕರ್ಟಿನ ಒಳಪದರ ಇಣುಕುತ್ತಿದೆ, ಓ ಇದು ನಾನೇ ಹೊಲಿದದ್ದು. ತನ್ನ ಹೊಲಿಗೆ ತನ್ನೆದುರಿಗೇ ಬೀದಿಯಲ್ಲಿ ನಡೆದು ಹೋಗುವುದನ್ನು ಕಂಡ ದಿನ ಅವಳಿಗೆ ಊಟ ಎರಡು ತುತ್ತು ಹೆಚ್ಚು ಸೇರುತ್ತಿತ್ತು. ಇವತ್ತು ಒಂದು ಜೊತೆ ಕಪ್ಪು ಬೂಟು, ಗರಿಗರಿ ಇಸ್ತ್ರಿಯ ಸಮವಸ್ತ್ರದ ಪ್ಯಾಂಟು, ಕಿಟಕಿಯ ಎದುರಿಗೆ ಬಂದು ಸುಮ್ಮನೆ ನಿಂತಿತು. ಅವಳ ಎದೆ ಧಸಕ್ಕೆಂದಿತು. ಅಂಚೆಯವನೆಂದು ತಿಳಿಯುವ ಹೊತ್ತಿಗೆ ಬೂಟು ಮುಂದೆ ಹೋಗಿತ್ತು.

ಮಧ್ಯಾಹ್ನ ಸಂದರ್ಶನ. ಕಾಯಂ ವಾಸಕ್ಕೆ ಅರ್ಜಿ ಹಾಕಿದ್ದು ಅವಳ ಹೆಸರಿನಲ್ಲಿ, ಯಾಕೆಂದರೆ ಈ ದೇಶಕ್ಕೆ ಬೇಕಾಗಿದ್ದವರು ಹೊಲಿಗೆಯವರು. ಗಂಡನೂ ಮಗಳೂ ಅವಳ ಸೆರಗು ಹಿಡಿದುಕೊಂಡು ಬಂದವರು. ಅವಳಿಗೆ ಸಿಕ್ಕರೆ ಮೂವರಿಗೂ ಸಿಕ್ಕ ಹಾಗೆ. ಇಲ್ಲವೆಂದರೆ, ಈಗಿನ ಪರ್ಮಿಟ್ಟು ಮುಗಿದ ದಿನ ಮೂವರೂ ಗಂಟುಮೂಟೆ ಕಟ್ಟಬೇಕು. ಮಗಳು ಆಗಲೇ ಈ ಊರಿನ ಭಾಷೆಯಲ್ಲಿ ಕನವರಿಸುತ್ತಾಳೆ. ಗಂಡ ಬೇಕರಿಯ ವ್ಯಾನು ಓಡಿಸಿ ಓಡಿಸಿ ಇಲ್ಲಿನ ಗಲ್ಲಿಗಲ್ಲಿಯನ್ನೂ ತನ್ನ ಅಂಗೈ ಮಾಡಿಕೊಂಡಿದ್ದಾನೆ. ಎಲ್ಲ ಸರಿಯಿದ್ದ ಅರ್ಜಿಯಲ್ಲಿ ಒಂದೇ ಒಂದು ಕಡೆ ತೊಡಕು. ಬೇರೆ ಯಾವುದಾದರೂ ದೇಶದಲ್ಲಿ ವೀಸಾ ಅವಧಿ ಮೀರಿ ಉಳಿದಿದ್ದೀರಾ ಎಂದು ಅವರು ಕೇಳಿದ್ದರು, ಹೌದು ಎಂದು ಇವರು ಬರೆದಿದ್ದರು. ಕಾರಣ ಎಂಬ ಜಾಗದಲ್ಲಿ ಗಂಡ ತನ್ನ ದುಂಡು ಅಕ್ಷರದಲ್ಲಿ, ಅಕ್ಕನ ಬಾಣಂತನ, ಮಗುವಿನ ಆರೈಕೆ ಎಂದು ತುಂಬಿಸಿದ್ದ. ಅದನ್ನು ಮುಖತಃ ವಿವರಿಸಲು ಬನ್ನಿ ಎಂದು ಈಗ ಕರೆ ಬಂದಿತ್ತು.

"ಬಾಣಂತನ ಅಂತ ಹೇಳಿ ಸುಮ್ನಾಗ್ಬಿಡು, ಮುಂದಕ್ಕೆ ಎಳೀಬೇಡ," ಎಂದಿದ್ದ ಬೆಳಗ್ಗೆ, ಕನ್ನಡಿಯ ಮುಂದೆ ಗಡ್ಡಕ್ಕೆ ನೊರೆ ಹಚ್ಚಿಕೊಳ್ಳುತ್ತ. "ಜಾಸ್ತಿ ಕೇಳಿದ್ರೆ ತಾರೀಖು ಗೊತ್ತಾಗ್ಲಿಲ್ಲ ಅನ್ನು. ಅಲ್ಲಿ ಏರ್‌ಪೋರ್ಟಲ್ಲಿ ಭಾವ ಹೇಳಿದ್ರಲ್ಲ, ಅದೇ. ಗೊತ್ತಿಲ್ದೆ ಇದ್ದವ್ರನ್ನ ಕಂಡ್ರೆ ಪಾಪ ಅಂತಾರೆ. ಗೊತ್ತಿದ್ದೂ ಇದ್ದೆ ಅಂದ್ರೆ ಮುಗೀತು ಕಥೆ."

"ಹೂಂ ರೀ," ಎಂದಿದ್ದಳು. ನೊರೆಯ ಮಧ್ಯದಿಂದ ಅವನ ಕಣ್ಣು ಅವಳ ಕಡೆ ತಿರುಗಿತು. "ಹೂಂ ಅಂದ್ರೆ ಹೂಂ ತಾನೆ?" ಎಂದು ಕೇಳಿದ. ಅವಳು ಮಗಳ ಡಬ್ಬಿ ಹುಡುಕುವವಳ ಹಾಗೆ ಅಡುಗೆಮನೆಗೆ ಹೋಗಿಬಿಟ್ಟಳು. ಡಬ್ಬಿ ಮೇಜಿನ ಮೇಲೇ ಇತ್ತು.

ಭಾವ, ಅಕ್ಕನ ಗಂಡ, ಹೇಳಿದ್ದು. ಆ ಮಾತು ಅವರ ಮನೆತನದಲ್ಲಿ ಎಷ್ಟು ಸಲ ಆಡಿ ನಕ್ಕ ಮಾತು! ಅವಳ ಮದುವೆಯ ಮನೆಯಲ್ಲೇ, ಗಂಡಿನ ಕಡೆಯವರು ಊಟಕ್ಕೆ ಕೂತಿದ್ದಾಗ ಭಾವ ಎಲ್ಲರನ್ನೂ ಕರೆದು ಕೂರಿಸಿಕೊಂಡು ಹೇಳಿದ್ದರು. "ನಮ್ಮ ಪೆದ್ದಿ ಇದಾಳಲ್ಲ, ಇವಳ ನಟನೆ ನೀವು ನೋಡ್ಬೇಕಿತ್ತು. ಆ ಆಫೀಸರ್ ಇವತ್ತು ಯಾವ ವಾರ ಅಂತ ಕೇಳ್ತಾನೆ, ಇವಳು ಬಾಯಿ ಬಿಟ್ಕೊಂಡು ಹೀಗೆ ಕೂತಿದಾಳೆ!" ಎಂದು ತಮ್ಮ ದವಡೆಯನ್ನು ಜೋಲು ಬಿಟ್ಟು ತೋರಿಸಿದಾಗ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವಳೂ ನಕ್ಕಳು. ಬಡಿಸುವವರು ನಕ್ಕರು. "ಬಿಟ್ಟು ಕಳಿಸಿದ್ದಷ್ಟೇ ಅಲ್ಲ ಕಣ್ರೀ, ಚಾಕಲೇಟು ಬೇರೆ ಗಿಟ್ಟಿಸಿದ್ಳು!" ಅಲ್ಲಿಂದ ಪೆದ್ದಿ ಎನ್ನುವುದೇ ಅವಳ ಹೆಸರಾಯಿತು. ಫೋನಿನಲ್ಲಿ ಪೆದ್ದಿ, ಹುಟ್ಟುಹಬ್ಬದ ಹಾರೈಕೆಯಲ್ಲಿ ಪೆದ್ದಿ, ಅಕ್ಕನ ಮಗನ ಬಾಯಲ್ಲಿ ಪೆದ್ದಿ ಚಿಕ್ಕಮ್ಮ. ಪ್ರೀತಿಯಿಂದಲೇ ಕರೆಯುತ್ತಿದ್ದರು, ಅದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಪ್ರೀತಿಯಿಂದ ಕರೆಯುತ್ತಿದ್ದರಿಂದಲೇ ಬೇಡವೆನ್ನಲು ಬಾಯಿ ಬರುತ್ತಿರಲಿಲ್ಲ.

ಸೂಜಿ ಬೆರಳಿಗೆ ಚುಚ್ಚಿತು. ರಕ್ತ ಬಟ್ಟೆಗೆ ತಾಗದಂತೆ ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಮೆಟ್ಟಿಲು ಇಳಿದು ಬಂದ ಅಂಗಡಿಯ ಯಜಮಾನಿ ಅದನ್ನು ನೋಡಿ ಏನೋ ಅಂದಳು. ಪೂರ್ತಿ ಅರ್ಥವಾಗಿದ್ದರೂ ಅವಳು ಅಭ್ಯಾಸಬಲದಿಂದ ತಲೆ ವಾಲಿಸಿ ನಕ್ಕಳು. ಈ ನಗು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಗಳ ಶಾಲೆಯಲ್ಲಿ ಟೀಚರು ಕಷ್ಟದ ಪ್ರಶ್ನೆ ಕೇಳಿದಾಗ ಈ ನಗು, ಬ್ಯಾಂಕಿನಲ್ಲಿ ಈ ನಗು, ಮನೆಯಲ್ಲಿ ಗಂಡ ಏನಾದರೂ ತೀರ್ಮಾನ ಕೇಳಿದರೆ "ನಂಗೇನು ಗೊತ್ತಾಗತ್ತೆ, ನೀವೇ ನೋಡಿ" ಎನ್ನುವಾಗಲೂ ಇದೇ ನಗು. ಆ ಏರ್‌ಪೋರ್ಟಿನ ಕೋಣೆಯಲ್ಲಿ ಗಳಿಗೆಯ ಮಟ್ಟಿಗೆ ಹಾಕಿಕೊಂಡ ವೇಷ ಇದು. ಅಲ್ಲಿಯೇ ಕಳಚಿಟ್ಟು ಬಂದಿದ್ದರೆ ಆಗುತ್ತಿತ್ತು. ಆದರೆ ಅದರೊಳಗೆ ಬೆಚ್ಚಗಿತ್ತು. ಪೆದ್ದಿಯನ್ನು ಯಾರೂ ಲೆಕ್ಕ ಕೇಳುವುದಿಲ್ಲ. ವರ್ಷಗಳು ಕಳೆದ ಹಾಗೆ ಯಾವುದು ವೇಷ, ಯಾವುದು ಮೈ ಎಂದು ತನಗೇ ಗೊತ್ತಾಗದಂತೆ ಆಗಿಹೋಯಿತಲ್ಲ ಎಂದು ಅವಳಿಗೆ ಒಮ್ಮೊಮ್ಮೆ ಹೆದರಿಕೆಯಾಗುತ್ತಿತ್ತು.

"ಬೆರಳಿಗೆ ಪಟ್ಟಿ ಹಾಕ್ಕೋ, ಆಮೇಲೆ ಈ ಕೋಟು ನೋಡು," ಎಂದು ಯಜಮಾನಿ ಈಗ ನಿಧಾನವಾಗಿ, ಬಿಡಿಸಿ ಹೇಳಿದಳು. ಕೋಟಿನವನು ದಪ್ಪಗಾಗಿದ್ದ, ಬಿಚ್ಚಿ ಸಡಿಲ ಮಾಡಬೇಕಿತ್ತು. ಅವಳು ಒಳಪದರ ಎತ್ತಿ ಹೊಲಿಗೆಯ ಪಕ್ಕ ಬೆರಳಾಡಿಸಿದಳು. ಇಲ್ಲಿಯ ಅಂಗಡಿಗಳ ಬಟ್ಟೆಗಳಲ್ಲಿ ಒಳಗೆ ಒಂದು ನೂಲೂ ಹೆಚ್ಚಿಗೆ ಬಿಟ್ಟಿರುವುದಿಲ್ಲ, ಹೊಲಿಗೆಯ ಗೆರೆಗೆ ಸರಿಯಾಗಿ ಕತ್ತರಿಸಿರುತ್ತಾರೆ. ಅವಳಿಗೆ ಹೊಲಿಗೆ ಕಲಿಸಿದ ಸೋದರತ್ತೆ ಹಾಗಲ್ಲ. ರವಿಕೆಯಾಗಲಿ ಲಂಗವಾಗಲಿ, ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಮಡಿಸಿಟ್ಟೇ ಹೊಲಿಯಬೇಕು ಎನ್ನುತ್ತಿದ್ದಳು. "ಮೈ ಬೆಳೀತದೆ ಕಣೇ ಹುಡುಗಿ. ಬೆಳೆಯೋ ಮೈಗೆ ಜಾಗ ಬಿಡದೆ ಹೊಲಿಯೋದು ಪಾಪ." ಬೆಳೆಯುವ ಮೈಗೆ ಬಟ್ಟೆಯಲ್ಲಿ ಜಾಗ ಬಿಡುತ್ತಿದ್ದ ಅದೇ ಅತ್ತೆ, ಅವಳು ಎದುರಿನ ಅಂಗಡಿಯಿಂದ ದಾರದ ಉಂಡೆ ತಂದು ವಾಪಸಾಗುವುದು ಗಳಿಗೆ ತಡವಾದರೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಎಲ್ಲಿಗೆ ಹೋಗಿದ್ದೆ, ಯಾಕೆ ಹೊತ್ತಾಯಿತು, ಜೊತೆಗೆ ಯಾರಿದ್ದರು. ಅಪ್ಪ ಕೇಳುತ್ತಿದ್ದರು, ಅಮ್ಮ ಕೇಳುತ್ತಿದ್ದಳು, ಎದುರುಮನೆಯವರು ಕೇಳದೆಯೇ ನೋಡುತ್ತಿದ್ದರು. ಮದುವೆಯಾಗದೆ ಉಳಿದ ಹುಡುಗಿಯ ದಿನವೆಂದರೆ ಪ್ರತಿ ಗೇಣಿಗೂ ಉತ್ತರ ಕೊಡಬೇಕಾದ ದಿನ. ಹಾಗಿರುವಾಗ ದೂರದೇಶದಲ್ಲಿದ್ದ ಅಕ್ಕನಿಗೆ ಹೆರಿಗೆ ಹತ್ತಿರವಾಯಿತು, ಅಮ್ಮನಿಗೆ ಮಂಡಿನೋವು, ಇವಳನ್ನು ಕಳಿಸಿದರು.

ಬಾಣಂತನ ಅವಳು ಚೆನ್ನಾಗಿಯೇ ಮಾಡಿದಳು. ಅದರಲ್ಲಿ ಸುಳ್ಳಿಲ್ಲ. ಎಣ್ಣೆ, ನೀರು, ಪಥ್ಯ, ಮಗುವಿನ ಬಟ್ಟೆ, ಅಕ್ಕನ ಅಳು, ಎಲ್ಲವನ್ನೂ ಒಬ್ಬಳೇ ನಿಭಾಯಿಸಿದಳು. ಮಗು ಕತ್ತು ನಿಲ್ಲಿಸಿತು, ಮಗ್ಗುಲಾಯಿತು, ಬಾಣಂತನ ಮುಗಿಯಿತು. ಆಮೇಲೂ ವೀಸಾ ಇನ್ನೂ ಇತ್ತು. ಒಂದು ಮಧ್ಯಾಹ್ನ ಅಕ್ಕ ಮಗುವಿನ ಜೊತೆ ಮಲಗಿದ್ದಾಗ ಸಾಬೂನು ತರಲು ಹೊರಗೆ ಬಂದವಳು, ಎದುರಿಗೆ ನಿಂತ ಬಸ್ಸನ್ನು ಸುಮ್ಮನೆ ಹತ್ತಿಬಿಟ್ಟಳು. ಬಸ್ಸು ಹೋಗುವಲ್ಲಿಗೆ ಹೋದಳು. ಕೊನೆಯ ನಿಲ್ದಾಣದಲ್ಲಿ ಏನೂ ಇರಲಿಲ್ಲ: ಒಂದು ಬೆಂಚು, ಬಾಗಿಲು ಮುಚ್ಚಿದ ಟೈರಿನ ಅಂಗಡಿ, ತಂತಿಬೇಲಿಯ ಆಚೆ ಖಾಲಿ ಬಯಲು. ಡ್ರೈವರು ಇಂಜಿನ್ನು ಆರಿಸಿ ತನ್ನ ಬ್ರೆಡ್ಡಿನ ಪೊಟ್ಟಣ ಬಿಚ್ಚಿದ. ಅವಳು ಬೆಂಚಿನ ಮೇಲೆ ಕೂತಳು. ಗಾಳಿ ಬೀಸುತ್ತಿತ್ತು. ಯಾರೂ ಏನೂ ಕೇಳಲಿಲ್ಲ. ಅಷ್ಟೇ. ಅದನ್ನು ಯಾರಿಗಾದರೂ ಹೇಳಿದರೆ, ಇಷ್ಟಕ್ಕಾ? ಎಂದು ನಗುತ್ತಾರೆ. ಅವಳಿಗೋ, ಬದುಕಿನಲ್ಲಿ ಮೊದಲ ಸಲ ತನ್ನ ಎರಡು ಕೈ ತನ್ನ ತೊಡೆಯ ಮೇಲೆ ಇವೆ ಎಂದು ಗೊತ್ತಾಯಿತು. ಮರುದಿನವೂ ಹೋದಳು. ಬಸ್ಸು ಎಷ್ಟೆಷ್ಟು ಹೊತ್ತಿಗೆ ಎಂದು ಬರೆದ ಹಲಗೆಯನ್ನು ನೋಡಿ ನೋಡಿ ಆ ಊರಿನ ಭಾಷೆಯಲ್ಲಿ ವಾರಗಳ ಹೆಸರು ಕಲಿತಳು. ಭಾನುವಾರ ಬಸ್ಸು ಕಡಿಮೆ, ಬುಧವಾರ ಸಂಜೆ ಒಂದು ಹೆಚ್ಚು.

ಹೋಗುವ ದಿನ ಹತ್ತಿರ ಬಂದಾಗ ಮಗುವಿಗೆ ನೆಗಡಿಯಾಗಿ ಅಕ್ಕ ಟಿಕೆಟ್ಟು ಮುಂದಕ್ಕೆ ಹಾಕಿಸಿದಳು. ಹೊಸ ತಾರೀಖು ಆಮೇಲೆ ನೋಡೋಣ ಎಂದಳು. ಭಾವ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ನಿದ್ದೆಗೆಟ್ಟ ಅಕ್ಕನಿಗೆ ಹಗಲು ಯಾವುದು, ರಾತ್ರಿ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ತಾರೀಖು ನೆನಪಿಟ್ಟುಕೊಂಡಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ. ಪಾಸ್‌ಪೋರ್ಟಿನ ಮುದ್ರೆಯ ಕೆಳಗಿದ್ದ ಆ ಅಂಕಿಯನ್ನು ಅವಳು ಕದ್ದು ನೋಡುತ್ತಿದ್ದಳು. ಕೊನೆಯ ದಿನಾಂಕ ಎಂದು ಹಾಕಿ ಆಮೇಲೆ ಮುಂದಕ್ಕೆ ಹಾಕುವ ಊರಿನಿಂದ ಬಂದವಳು. ಕರೆಂಟು ಬಿಲ್ಲಿಗೆ, ಶಾಲೆಯ ಫೀಜಿಗೆ, ಎಲ್ಲದಕ್ಕೂ ಕೊನೆಯ ದಿನದ ಒಳಗಡೆ ಇನ್ನೆರಡು ಬೆರಳು ಮಡಿಸಿಟ್ಟಿರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಳೇ ಹೊರತು ನಂಬಲಿಲ್ಲ. ಆ ದಿನ ಬಂದಿತು, ಕಳೆದೂ ಹೋಯಿತು. ಅವಳು ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದಳು. ಯಾರೂ ಹಿಡಿಯಲಿಲ್ಲ, ಡ್ರೈವರು ಎಂದಿನಂತೆ ತಲೆಯಾಡಿಸಿದ. ಮಾರನೆಯ ದಿನ ಮತ್ತೆ. ಡಬ್ಬಿಯಿಂದ ಚಿಟಿಕೆ ಚಿಟಿಕೆ ಸಕ್ಕರೆ ಕದ್ದು ತಿನ್ನುವ ಹಾಗೆ, ಕೆಲವು ವಾರಗಳು.

ಭಾವ ವಾಪಸು ಬಂದು ಪಾಸ್‌ಪೋರ್ಟು ತೆರೆದು ನೋಡಿ ಮೈ ಪರಚಿಕೊಂಡರು. "ನಿಂಗೆ ನೆನಪಿರಲಿಲ್ವಾ?" ಎಂದು ಅಕ್ಕ ಅಳುತ್ತ ಕೇಳಿದಳು. "ಇಲ್ಲ ಅಕ್ಕ," ಎಂದಳು ಅವಳು. ಅದು ಮೊದಲನೆಯ ಸುಳ್ಳು, ಅದರ ಮೇಲೆಯೇ ಮಿಕ್ಕದ್ದೆಲ್ಲ ನಿಂತದ್ದು. ಏರ್‌ಪೋರ್ಟಿನಲ್ಲಿ ಅವಳನ್ನು ಕಿಟಕಿಯಿಲ್ಲದ ಒಂದು ಕೋಣೆಗೆ ಕರೆದೊಯ್ದರು. ಮಾತು ತಿಳಿಸಿ ಹೇಳಲೆಂದು ಭಾವನನ್ನೂ ಒಳಗೆ ಬಿಟ್ಟರು. ಮೇಜಿನ ಆಚೆ ನರೆತ ಮೀಸೆಯ, ದಣಿದ ಮುಖದ ಒಬ್ಬ ಅಧಿಕಾರಿ. ಭಾವ ಬೆವರುತ್ತ ಏನೇನೋ ಹೇಳಿದರು, ಕೊನೆಗೆ ಬೆರಳಿನಿಂದ ತಮ್ಮ ಹಣೆಯ ಪಕ್ಕ ಎರಡು ಸಲ ತಟ್ಟಿ ಅವಳ ಕಡೆ ಕಣ್ಣು ಹಾಯಿಸಿದರು. ಅದನ್ನು ಯಾವ ಭಾಷೆಯಲ್ಲೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಸ್ವಲ್ಪ ಪೆದ್ದುಪೆದ್ದಾಗಿ ಕೂತ್ಕೊಳಮ್ಮ," ಎಂದು ಮೆಲ್ಲಗೆ ಕನ್ನಡದಲ್ಲಿ ಅಂದರು. ಅಧಿಕಾರಿ ಮುಂದಕ್ಕೆ ಬಾಗಿ, ಕಿವುಡರೊಡನೆ ಮಾತಾಡುವ ಹಾಗೆ ಜೋರಾಗಿ, ನಿಧಾನವಾಗಿ ಕೇಳಿದ: ಇವತ್ತು ಯಾವ ವಾರ? ಭಾವ ತಿಳಿಸುವ ಮೊದಲೇ ಅವಳಿಗೆ ತಿಳಿಯಿತು. ಉತ್ತರವೂ ಅವನದೇ ಭಾಷೆಯಲ್ಲಿ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಬಾಯಿ ತೆರೆದಳು, ತೆರೆದ ಬಾಯನ್ನು ಹಾಗೇ ಬಿಟ್ಟಳು. ದವಡೆ ತಾನಾಗಿಯೇ ಜೋತಿತು. ಅವನ ಮುಖ ಮೃದುವಾಯಿತು. ಅವನು ಮೇಜಿನ ಖಾನೆಯಿಂದ ಒಂದು ಕಿತ್ತಳೆ ಬಣ್ಣದ ಚಾಕಲೇಟು ತೆಗೆದು, ಕಾಗದವನ್ನು ತಾನೇ ಬಿಡಿಸಿ ಅವಳ ಅಂಗೈಯಲ್ಲಿಟ್ಟ. ಅವಳು ತಿಂದಳು. ಅದು ಚೆನ್ನಾಗಿತ್ತು ಎನ್ನುವುದೇ ಅವಳು ಇವತ್ತಿಗೂ ತನ್ನನ್ನು ಕ್ಷಮಿಸದ ಸಂಗತಿ. ಕೆಟ್ಟವನಿಗೆ ಮೋಸ ಮಾಡಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು.

ಮಧ್ಯಾಹ್ನ, ಸಂದರ್ಶನದ ಆಫೀಸಿನ ಕಟ್ಟಡದ ಹೊರಗೆ ಗಂಡ ಬೇಕರಿಯ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಒಳಗೆ ಅರ್ಜಿದಾರರಿಗೆ ಮಾತ್ರ ಪ್ರವೇಶ. "ನೀರು ಕುಡಿದ್ಯಾ?" ಎಂದ. "ಹೂಂ." "ಬಾಣಂತನ," ಎಂದ ಮತ್ತೆ, ಮಗುವಿಗೆ ಪಾಠ ನೆನಪಿಸುವಂತೆ. ಅವಳು ಅವನ ಅಂಗಿಯ ಕಾಲರಿನಲ್ಲಿ ಅಂಟಿದ್ದ ಹಿಟ್ಟನ್ನು ಒರೆಸಿದಳು. ಒಳ್ಳೆಯ ಮನುಷ್ಯ. ಇವನ ಬದುಕನ್ನೂ ತಾನು ಚಿಟಿಕೆ ಸಕ್ಕರೆಯ ಹಾಗೆ ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದೇನೆಯೇ ಎಂದು ಅನಿಸಿತು. ಪಾಠ ಒಪ್ಪಿಸಿ ಬಂದುಬಿಡುತ್ತೇನೆ, ಅಷ್ಟೇ, ಎಂದು ಗಟ್ಟಿ ಮಾಡಿಕೊಂಡೇ ಅವಳು ಒಳಗೆ ಹೋದಳು.

ಆ ಕೋಣೆಗೆ ಕಿಟಕಿಯಿತ್ತು. ಅದೇ ಅವಳಿಗೆ ಮೊದಲು ಕಂಡದ್ದು. ಪೂರ್ತಿ ಎತ್ತರದ ಕಿಟಕಿ, ಅದರಲ್ಲಿ ಇಡೀ ಮನುಷ್ಯರು, ತಲೆಯಿಂದ ಕಾಲಿನವರೆಗೆ. ಮೇಜಿನ ಆಚೆ ಒಬ್ಬ ಹೆಣ್ಣು ಅಧಿಕಾರಿ, ನೆಗಡಿಯಿಂದ ಮೂಗು ಕೆಂಪಾಗಿತ್ತು, ಪಕ್ಕದಲ್ಲಿ ಟಿಶ್ಯೂ ಕಾಗದದ ಡಬ್ಬ. ಬಲಗಡೆ ದುಭಾಷಿ. ಕನ್ನಡದವನು, ನಡುವಯಸ್ಸು, ಕೋಟಿನ ತೋಳು ಒಂದು ಬೆರಳು ಉದ್ದವಾಗಿತ್ತು. "ನಮಸ್ಕಾರಮ್ಮ. ಏನೂ ಹೆದರ್ಕೋಬೇಡಿ. ನೀವು ಕನ್ನಡದಲ್ಲಿ ಹೇಳಿ, ನಾನು ನೋಡ್ಕೋತೀನಿ," ಎಂದ. ನೋಡ್ಕೋತೀನಿ ಎಂಬ ಆ ಮಾತಿಗೆ ಅವಳ ಬೆನ್ನು ತಾನಾಗಿಯೇ ಬಾಗಿತು. ಹೆಸರು, ಕೆಲಸ, ಮನೆ, ಮಗಳ ಶಾಲೆ, ಎಲ್ಲ ಸುಸೂತ್ರವಾಗಿ ಮುಗಿಯಿತು. ಅವಳು ಒಂದು ಹೇಳಿದರೆ ಅವನು ಮೂರು ಸೇರಿಸಿ ಹೇಳುತ್ತಿದ್ದ. ಮಗಳು ಶಾಲೆಯಲ್ಲಿ ಚೆನ್ನಾಗಿದ್ದಾಳೆ ಎಂದರೆ ತರಗತಿಗೇ ಮೊದಲು ಎಂದುಬಿಟ್ಟ. ಅಧಿಕಾರಿ ಮೂಗು ಒರೆಸಿಕೊಂಡು ಕಾಗದ ತಿರುವಿದಳು.

"ಮಗುವಿನ ಆರೈಕೆಗೆ ಉಳಿದಿರಿ ಎಂದು ಬರೆದಿದ್ದೀರಿ. ಆ ಹೊತ್ತಿಗೆ ಮಗುವಿಗೆ ಎಷ್ಟು ತಿಂಗಳು?"

ದುಭಾಷಿ ಕನ್ನಡದಲ್ಲಿ ಹೇಳಿ ಮುಗಿಸುವವರೆಗೂ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಮಗು ಆಗ ಅಂಬೆಗಾಲಿಡುತ್ತಿತ್ತು. ಅವಳು ಬಸ್ಸಿಗೆ ಹೊರಟಾಗ ಬಾಗಿಲವರೆಗೂ ತೆವಳಿ ಬಂದು ಅವಳ ಚಪ್ಪಲಿ ಹಿಡಿದುಕೊಳ್ಳುತ್ತಿತ್ತು, ಅದನ್ನು ಬಿಡಿಸಿ, ಮುತ್ತು ಕೊಟ್ಟು, ಅಕ್ಕನ ಪಕ್ಕ ಮಲಗಿಸಿ ಹೋಗುತ್ತಿದ್ದಳು. ಆ ಚಿಕ್ಕ ಬೆರಳುಗಳನ್ನು ಚಪ್ಪಲಿಯ ಪಟ್ಟಿಯಿಂದ ಒಂದೊಂದಾಗಿ ಬಿಡಿಸಿದ್ದು ನೆನಪಾಯಿತು. ಅದರ ಮೇಲೆ ಎಲ್ಲ ಭಾರ ಹೊರಿಸುವುದೇ? ಈಗ ಅವನು ಎತ್ತರಕ್ಕೆ ಬೆಳೆದ ಹುಡುಗ, ಪೆದ್ದಿ ಚಿಕ್ಕಮ್ಮ ಎನ್ನುತ್ತಾನೆ.

"ಮಗು ಚೆನ್ನಾಗಿತ್ತು," ಎಂದಳು. "ಮಗುಗೋಸ್ಕರ ಅಲ್ಲ."

ದುಭಾಷಿ ಅದನ್ನು ಅಧಿಕಾರಿಗೆ ತಿಳಿಸಲಿಲ್ಲ. ಅವಳ ಕಡೆ ವಾಲಿದ. "ಅಮ್ಮಾ, ಹಾಗನ್ನಬೇಡಿ. ಮಗುಗೆ ಕಾಯಿಲೆ ಇತ್ತು ಅಂತ ಹಾಕ್ಲಾ? ಇವ್ರಿಗೇನು ಗೊತ್ತಾಗತ್ತೆ?" ಅಧಿಕಾರಿ ಇಬ್ಬರನ್ನೂ ನೋಡುತ್ತಿದ್ದಳು. ಅವನ ದನಿಯಲ್ಲಿ ಕಾಳಜಿಯಿತ್ತು, ಮನೆಯವರ ಕಾಳಜಿ, ಅವಳು ಹುಟ್ಟಿದಾಗಿನಿಂದ ಬಲ್ಲ ಕಾಳಜಿ. ಸ್ವಲ್ಪ ಪೆದ್ದುಪೆದ್ದಾಗಿ ಕೂತ್ಕೊಳಮ್ಮ. "ಇಲ್ದಿದ್ರೆ ತಾರೀಖು ಗೊತ್ತಾಗ್ಲಿಲ್ಲ ಅಂತ ಹಾಕ್ತೀನಿ. ಓದು ಬರಹ ಅಷ್ಟಾಗಿ ಇಲ್ಲ ಅಂತ. ಕೆಲವ್ರಿಗೆ ಹಾಗೇ ಆಗಿದೆ, ನಾನೇ ನೋಡಿದೀನಿ." ಅವಳ ದವಡೆಯಲ್ಲಿ ಹಳೆಯ ಆ ಸಡಿಲ ಇಳಿದು ಬರತೊಡಗಿತು, ಕಿತ್ತಳೆಯ ರುಚಿ ನಾಲಿಗೆಗೆ ಬಂತು. ಒಂದು ಸಲ ತಲೆಯಾಡಿಸಿದರೆ ಸಾಕಾಗಿತ್ತು. ಹೊರಗೆ ಗಂಡ ಟೋಪಿ ಹಿಂಡುತ್ತಿದ್ದಾನೆ. ಮಗಳ ಕನವರಿಕೆ. ಎಲ್ಲ ತೂಕವೂ ಒಂದೇ ಕಡೆಯಿತ್ತು, ಇನ್ನೊಂದು ಕಡೆ ಇದ್ದದ್ದು ಒಂದು ಬೆಂಚು, ಖಾಲಿ ಬಯಲು, ತೊಡೆಯ ಮೇಲಿನ ಎರಡು ಕೈ. ಈಗಲೂ ತೊಡೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೇನೆ ಎಂದು ಅವಳಿಗೆ ತಟ್ಟನೆ ಗೊತ್ತಾಯಿತು. ಅದೇ ಕೈ. ಸೂಜಿ ಚುಚ್ಚಿದ ಬೆರಳಿಗೆ ಪಟ್ಟಿ ಇತ್ತು.

"ನಾನೇ ಹೇಳ್ತೀನಿ ಸರ್," ಎಂದಳು.

ಈ ದೇಶದ ಭಾಷೆ ಅವಳಿಗೆ ಬಂದದ್ದೆಲ್ಲ ಅಂಗಡಿಯಿಂದ. ಉದ್ದ, ಗಿಡ್ಡ, ಬಿಗಿ, ಸಡಿಲ, ಎಲ್ಲಿ ಹಿಡಿಯುತ್ತದೆ, ಯಾವತ್ತಿಗೆ ಬೇಕು. ಆ ಮಾತುಗಳನ್ನೇ ಹೆಕ್ಕಿ ಹೆಕ್ಕಿ, ನಡುನಡುವೆ ನಿಂತು, ಅಧಿಕಾರಿಯ ಮುಖ ನೋಡಿಕೊಂಡು ಹೇಳಿದಳು. "ತಾರೀಖು ಗೊತ್ತಿತ್ತು. ನನಗೆ ಮಾತ್ರ ಗೊತ್ತಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ನಮ್ಮ ಊರು ನನಗೆ ಬಿಗಿ. ಇಲ್ಲಿ ಹಿಡಿಯುತ್ತದೆ, ಇಲ್ಲಿ ಹಿಡಿಯುತ್ತದೆ," ಎಂದು ಕಂಕುಳ ಹತ್ತಿರ, ಕುತ್ತಿಗೆಯ ಹತ್ತಿರ ಮುಟ್ಟಿ ತೋರಿಸಿದಳು. "ಅಲ್ಲಿ ಸಡಿಲ ಇತ್ತು. ನಾನು ಬಸ್ಸಿನಲ್ಲಿ ಕೊನೆಯವರೆಗೆ ಹೋಗುತ್ತಿದ್ದೆ. ಕೂರುತ್ತಿದ್ದೆ. ವಾಪಸು ಬರುತ್ತಿದ್ದೆ. ಬೇರೆ ಏನೂ ಮಾಡಲಿಲ್ಲ. ಕೆಲಸ ಮಾಡಲಿಲ್ಲ. ತಪ್ಪು ಎಂದು ಗೊತ್ತಿತ್ತು. ಆದರೂ ಉಳಿದೆ. ಏರ್‌ಪೋರ್ಟಿನಲ್ಲಿ ನನಗೆ ಏನೂ ತಿಳಿಯುವುದಿಲ್ಲ ಎಂದು ಹೇಳಿದರು. ನನಗೆ ಎಲ್ಲ ತಿಳಿಯುತ್ತದೆ." ಇಷ್ಟು ಹೇಳುವಷ್ಟರಲ್ಲಿ ಬೆನ್ನು ಒದ್ದೆಯಾಗಿತ್ತು. ಇಷ್ಟು ಉದ್ದ ಅವಳು ಈ ಭಾಷೆಯಲ್ಲಿ ಎಂದೂ ಮಾತಾಡಿರಲಿಲ್ಲ. ಕನ್ನಡದಲ್ಲಿಯೂ ಮಾತಾಡಿರಲಿಲ್ಲ.

ದುಭಾಷಿ ತನ್ನ ಉದ್ದ ತೋಳಿನೊಳಗೆ ಕೈ ಎಳೆದುಕೊಂಡು ಮೇಜನ್ನು ನೋಡುತ್ತ ಕೂತಿದ್ದ. ಅಧಿಕಾರಿ ಏನನ್ನೋ ಬರೆದಳು, ಬಹಳ ಹೊತ್ತು ಬರೆದಳು. ಒಂದು ಸಲ ಸೀನಿದಳು. ಆಮೇಲೆ ಪೆನ್ನು ಕೆಳಗಿಟ್ಟು, ಜೋರಾಗಿಯೂ ಅಲ್ಲ ನಿಧಾನವಾಗಿಯೂ ಅಲ್ಲ, ಎಲ್ಲರೊಡನೆ ಮಾತಾಡುವ ದನಿಯಲ್ಲೇ ಅವಳೊಡನೆ ಮಾತಾಡಿದಳು. "ಮಗುವಿಗೆ ಎಷ್ಟು ತಿಂಗಳು ಎಂದು ನಾನು ಕೇಳಿದ್ದು ಲೆಕ್ಕ ಕೂಡುತ್ತಿರಲಿಲ್ಲ ಎಂದು. ಈಗ ಕೂಡುತ್ತದೆ. ಇದು ತಪ್ಪು ಹೌದು. ಆದರೆ ಹಳೆಯದು, ನೀವಾಗಿಯೇ ಹೊರಟು ಹೋಗಿದ್ದೀರಿ, ಅರ್ಜಿಯಲ್ಲಿ ಹೌದು ಎಂದೇ ಬರೆದಿದ್ದೀರಿ. ಇದೊಂದರಿಂದಲೇ ಅರ್ಜಿ ಬಿದ್ದು ಹೋಗುವುದಿಲ್ಲ. ತೀರ್ಮಾನ ನನ್ನೊಬ್ಬಳದಲ್ಲ, ಪತ್ರ ಬರುತ್ತದೆ. ನಾನು ಬರೆಯುವುದನ್ನು ಬರೆದಿದ್ದೇನೆ." ಕಾಗದವನ್ನು ಅವಳ ಕಡೆ ತಿರುಗಿಸಿ ದೂಡಿದಳು. "ಇಲ್ಲಿ ಸಹಿ. ಪಕ್ಕದಲ್ಲಿ ಇವತ್ತಿನ ವಾರ, ತಾರೀಖು."

"ಇವತ್ತು ತಾರೀಖು..." ಎಂದು ದುಭಾಷಿ ಹೇಳಿಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವಳು ಬರೆದು ಮುಗಿಸಿದ್ದಳು. ಅವನು ಎದ್ದು ಬಾಗಿಲವರೆಗೂ ಬಂದ. "ಸರ್, ಕೋಟು ಯಾವತ್ತಾದ್ರೂ ಅಂಗಡಿಗೆ ತನ್ನಿ, ತೋಳು ಉದ್ದ ಆಗಿದೆ," ಎಂದಳು ಅವಳು. ಅವನು ತೋಳನ್ನು ನೋಡಿಕೊಂಡು ನಾಚಿ ನಕ್ಕ.

ಹೊರಗೆ ಬಿಸಿಲಿತ್ತು. ಗಂಡ ಎದ್ದು ನಿಂತ. ಅವಳೇ ಹೇಳಿದಳು, ಒಂದನ್ನೂ ಬಿಡದೆ, ಬೆಂಚನ್ನೂ ಚಾಕಲೇಟನ್ನೂ ಸೇರಿಸಿ. ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪೇರಿತು. ತಲೆಯ ಮೇಲೆ ಕೈ ಹೊತ್ತು ಕಟ್ಟಡದ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. "ಮಗು ಅಂದಿದ್ರೆ ಏನಾಗ್ತಿತ್ತೇ? ಒಂದು ಮಾತು!" ಎಂದ. ಅಧಿಕಾರಿ ಹೇಳಿದ್ದನ್ನು ಅವಳು ಹೇಳಿದಳು. ಮತ್ತೊಮ್ಮೆ ಹೇಳು ಎಂದ, ಮತ್ತೊಮ್ಮೆ ಹೇಳಿದಳು. ಅದೊಂದರಿಂದಲೇ ಬೀಳಲ್ಲ ಅಂದ್ರಾ? ಹಂಗೇ ಅಂದ್ರಾ? ಹಂಗೇ ಅಂದ್ರು. ಅವನು ಟೋಪಿಯನ್ನು ಬಿಡಿಸಿ, ಸುಕ್ಕು ನೀವಿ, ತಲೆಗೆ ಹಾಕಿಕೊಂಡ. ಆಮೇಲೆ, ಬೇರೆಯೇ ದನಿಯಲ್ಲಿ, "ಬಸ್ಸಲ್ಲಿ ಹೋಗಿ ಏನ್ ಮಾಡ್ತಿದ್ದೆ, ಸುಮ್ನೆ ಕೂತಿರ್ತಿದ್ಯಾ?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ಅವನು ಅವಳ ಬಗ್ಗೆ ತನಗೆ ಗೊತ್ತಿಲ್ಲದ್ದನ್ನು ಕೇಳಿದ್ದು ಇದೇ ಮೊದಲು. ಅವಳಿಗೆ ಅಳು ಬಂತು, ಅಳಲಿಲ್ಲ. "ಬನ್ನಿ, ತೋರಿಸ್ತೀನಿ," ಎಂದಳು.

ಮನೆಯ ಕಡೆ ಹೋಗುವ ಬಸ್ಸೇ ಬಂತು. ಅವರ ನಿಲ್ದಾಣ ಬಂದಾಗ ಗಂಡ ಏಳಲು ಹೋದ. "ಕೊನೇ ಸ್ಟಾಪ್‌ವರೆಗೂ ಹೋಗಿಬರೋಣ," ಎಂದು ಅವಳು ಅವನ ತೋಳು ಹಿಡಿದು ಕೂರಿಸಿದಳು. "ಅಲ್ಲೇನಿದೆ?" "ಏನೂ ಇಲ್ಲ." ಅವನು ಕೂತ. ಅವಳ ಅಂಗಡಿ ಹಿಂದಕ್ಕೆ ಸರಿಯಿತು, ನೆಲದ ಮಟ್ಟದಲ್ಲಿ ಅವಳ ಕಿಟಕಿ ಒಂದು ಕ್ಷಣ ಹೊಳೆಯಿತು. ಅದನ್ನು ಹೊರಗಿನಿಂದ, ಮೇಲಿನಿಂದ ಅವಳು ಯಾವತ್ತೂ ಸರಿಯಾಗಿ ನೋಡಿರಲಿಲ್ಲ. ಒಳಗೆ ಬಿಚ್ಚಿಟ್ಟ ಕೋಟು ಕಾಯುತ್ತಿದೆ, ನಾಳೆ ಅದಕ್ಕೆ ಪ್ರತ್ಯೇಕ ಪಟ್ಟಿ ಕೊಟ್ಟು ಹೊಲಿಯಬೇಕು. ಅಷ್ಟರಲ್ಲಿ ಫೋನು. ಅಕ್ಕನ ನಂಬರು, ದನಿ ಮಾತ್ರ ಭಾವನದು, ಹಿಂದೆ ಅಕ್ಕನ ಗುಸುಗುಸು.

"ಏನಮ್ಮಾ ಪೆದ್ದಿ, ಪಾಸೋ ಫೇಲೋ? ನಾನು ಹೇಳ್ಕೊಟ್ಟ ಪಾಠ ಒಪ್ಪಿಸಿದ್ಯೋ ಇಲ್ವೋ?"

"ಪತ್ರ ಬರತ್ತಂತೆ ಭಾವ. ಸಿಗಬಹುದು ಅನ್ಸತ್ತೆ." ಕಿಟಕಿಯ ಆಚೆ ಮನೆಗಳು ವಿರಳವಾಗತೊಡಗಿದ್ದವು. "ಭಾವ, ಅವತ್ತು ಬುಧವಾರ."

"ಯಾವತ್ತು?"

"ಏರ್‌ಪೋರ್ಟಲ್ಲಿ. ಅವ್ರು ಕೇಳಿದ್ರಲ್ಲ, ಇವತ್ತು ಯಾವ ವಾರ ಅಂತ. ಬುಧವಾರ. ನಂಗೆ ಗೊತ್ತಿತ್ತು. ವೀಸಾ ಮುಗಿದಿದ್ದೂ ಗೊತ್ತಿತ್ತು."

ಆ ಕಡೆ ನಗು ಶುರುವಾಗಿ ಅರ್ಧಕ್ಕೆ ನಿಂತಿತು. ಗುಸುಗುಸು ನಿಂತಿತು. ಆಮೇಲೆ ಭಾವ, ಎಷ್ಟೋ ವರ್ಷಗಳ ಮೇಲೆ, ಅವಳನ್ನು ಹೆಸರು ಹಿಡಿದು ಕರೆದರು. "ಎಲ್ಲಿದ್ದೀಯಮ್ಮ?" ಎಂದು ಕೇಳಿದರು.

"ಬಸ್ಸಲ್ಲಿದ್ದೀನಿ ಭಾವ," ಎಂದಳು ಅವಳು. "ಕೊನೇ ಸ್ಟಾಪ್‌ಗೆ ಹೋಗ್ತಾ ಇದ್ದೀನಿ."